ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ಸಂಚಿಕೆಯಲ್ಲಿ ಹೊಲಿಗೆ ಯಂತ್ರದ ದಾರ ಪದೇ ಪದೇ ಏಕೆ ಕಡಿಯುತ್ತದೆ ಎಂಬುದನ್ನು ಬರೆದಿದ್ದೆವು. ಅದನ್ನೋದಿದ ಮಾಟುಂಗದ ಸೋದರಿಯೊಬ್ಬರು, “ನಿಮ್ಮ ರಿಪೇರಿಯೆಲ್ಲ ನಮ್ಮ ಮನೆಯ ಹಜಾರದಿಂದ ಆಚೆಗೆ ಹೋಗುವುದೇ ಇಲ್ಲ. ಮಗಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗಿದ್ದಿರಲ್ಲ, ಅಲ್ಲಿ ಏನೂ ಕೆಟ್ಟಿರಲಿಲ್ಲವೆ?” ಎಂದು ಕೇಳಿ ಕಾಗದ ಬರೆದಿದ್ದಾರೆ. ಕೆಟ್ಟಿತ್ತು, ತಾಯಿ. ಕೆಟ್ಟದ್ದು ಸಾಲದೆಂದು ನಾವೂ ಸ್ವಲ್ಪ ಕೆಡಿಸಿದೆವು. ಆ ಕಥೆಯನ್ನೇ ಈ ಸಲ ಹೇಳಿಬಿಡುತ್ತೇವೆ.

ಪಿನ್‌ಬಾಲ್ ಎಂಬ ಆಟದ ಯಂತ್ರವನ್ನು ವಾಚಕರು ಸಿನಿಮಾದಲ್ಲಾದರೂ ನೋಡಿರಬಹುದು. ಸೊಂಟದೆತ್ತರಕ್ಕೆ ನಾಲ್ಕು ಕಾಲುಗಳ ಮೇಲೆ ನಿಂತ ಉದ್ದನೆಯ ಮರದ ಪೆಟ್ಟಿಗೆ. ಮೇಲೆ ಗಾಜಿನ ಮುಚ್ಚಳ. ಅದರ ಕೆಳಗೆ ಆಡುವವನ ಕಡೆಗೆ ಇಳಿಜಾರಾದ ಬಣ್ಣಬಣ್ಣದ ಹಲಗೆ. ಸ್ಪ್ರಿಂಗಿನ ಕೋಲನ್ನು ಎಳೆದು ಬಿಟ್ಟರೆ ಸುಮಾರು ೮೦ ಗ್ರಾಂ ತೂಕದ ಉಕ್ಕಿನ ಗುಂಡು ಚಿಮ್ಮಿ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಗೂಟಗಳಿಗೂ ರಬ್ಬರಿಗೂ ಢಿಕ್ಕಿ ಹೊಡೆಯುತ್ತ, ಗಂಟೆ ಬಾರಿಸುತ್ತ, ಅಂಕ ಗಳಿಸುತ್ತ ಕೆಳಕ್ಕೆ ಉರುಳುತ್ತದೆ. ಕೆಳಗಿನ ತೂತಿಗೆ ಬೀಳದಂತೆ ಅದನ್ನು ಮತ್ತೆ ಮೇಲಕ್ಕೆ ಅಟ್ಟಲು ಎರಡು ಪುಟ್ಟ ರೆಕ್ಕೆಗಳಿವೆ. ಪೆಟ್ಟಿಗೆಯ ಪಕ್ಕದ ಗುಂಡಿಗಳನ್ನು ಒತ್ತಿದರೆ ಅವು ಬಡಿಯುತ್ತವೆ. ಹಿಂಬದಿಯಲ್ಲಿ ಕಿರೀಟದ ಹಾಗೆ ನಿಂತ ಇನ್ನೊಂದು ಪೆಟ್ಟಿಗೆ. ಚಿತ್ರ ಬರೆದ ಅದರ ಗಾಜಿನ ಹಿಂದೆ ಅಂಕೆಗಳ ಚಕ್ರಗಳು ತಿರುಗುತ್ತವೆ.

ಈ ಯಂತ್ರಗಳ ತವರೂರು ಷಿಕಾಗೊ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಂಬ ಮೂರು ಹೆಸರಾಂತ ಕಂಪನಿಗಳೂ ಅಲ್ಲಿಯವೇ. ಆ ರೆಕ್ಕೆಗಳು ಮೊದಲು ಕಾಣಿಸಿಕೊಂಡದ್ದು ೧೯೪೭ರಲ್ಲಿ, ಗಾಟ್ಲೀಬ್‌ನವರ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ. ಅದಕ್ಕೆ ಮುಂಚೆ ಗುಂಡು ಬಿಟ್ಟ ಮೇಲೆ ಆಡುವವನಿಗೆ ಹೆಚ್ಚು ಕೆಲಸವಿರಲಿಲ್ಲ. ಪೆಟ್ಟಿಗೆಯನ್ನು ಅಲುಗಿಸುವುದು, ಉಳಿದದ್ದು ದೇವರಿಚ್ಛೆ. ಹಾಗಾಗಿಯೇ ಇದು ಜೂಜೆಂದು ನ್ಯೂಯಾರ್ಕ್ ನಗರ ೧೯೪೨ರಲ್ಲಿ ನಿಷೇಧಿಸಿತು. ಮೇಯರ್ ಲಾ ಗಾರ್ಡಿಯ ಮಹಾಶಯರು ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆಯುತ್ತಿರುವ ಚಿತ್ರಗಳಿವೆ. ೧೯೭೬ರಲ್ಲಿ ರಾಜರ್ ಶಾರ್ಪ್ ಎಂಬುವರು ನಗರಸಭೆಯವರ ಎದುರಿಗೇ ಆಡಿ, ಗುಂಡು ಇಂಥ ಕಡೆಗೆ ಹೋಗುತ್ತದೆ ಎಂದು ಮೊದಲೇ ಹೇಳಿ ಅಲ್ಲಿಗೇ ಕಳಿಸಿ, ಇದು ಅದೃಷ್ಟವಲ್ಲ ಕೈಚಳಕ ಎಂದು ತೋರಿಸಿದ ಮೇಲೆ ಆ ನಿಷೇಧ ಹೋಯಿತು.

ಇನ್ನು ನಮ್ಮ ಕಥೆ. ಮಗಳ ಮನೆ ಇರುವುದು ಷಿಕಾಗೊದ ಹೊರವಲಯದಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆ. ಅವರ ನೆಲಮಾಳಿಗೆಯಲ್ಲಿ, ತೀರಿಹೋದ ಯಜಮಾನರು ಪ್ರೀತಿಯಿಂದ ಇಟ್ಟುಕೊಂಡಿದ್ದ, ೧೯೬೦ರ ದಶಕದ ಇಂಥ ಒಂದು ಯಂತ್ರ. ಇಬ್ಬರು ಸರದಿಯಂತೆ ಆಡುವಂಥದು. ಆಕೆ ತಿಂಗಳ ಕೊನೆಗೆ ಮನೆ ಮಾರಿ ಚಿಕ್ಕ ಮನೆಗೆ ಹೋಗುವವರಿದ್ದರು. ಆಡುವಂತಿದ್ದರೆ ತಮ್ಮನ ಮಗ ತೆಗೆದುಕೊಂಡು ಹೋಗುತ್ತಾನೆ, ಇಲ್ಲವಾದರೆ ಗುಜರಿಯವರು ಬಂದು ಒಯ್ಯುತ್ತಾರೆ ಎಂದು ಒಂದು ದಿನ ಬೇಲಿಯ ಬಳಿ ನಮ್ಮ ಮನೆಯವರೊಡನೆ ಹೇಳಿದರಂತೆ. ನಮ್ಮ ಮನೆಯವರು ನಮ್ಮನ್ನು ಒಂದು ಮಾತು ಕೇಳದೆ, “ನಮ್ಮವರಿಗೆ ಇದೆಲ್ಲ ಗೊತ್ತು” ಎಂದುಬಿಟ್ಟರು. ಗಂಡಂದಿರ ಮಾನ ಎಷ್ಟೋ ಸಲ ಹೀಗೆಯೇ ಬೇಲಿಯ ಮೇಲೆ ಕೂತಿರುತ್ತದೆ.

ನಮಗೆ ಗೊತ್ತಿರಲಿಲ್ಲ. ಆದರೆ ಗಾಜು ಸರಿಸಿ, ಆಟದ ಹಲಗೆಯನ್ನು ಮೋಟಾರಿನ ಬಾನೆಟ್ಟಿನಂತೆ ಎತ್ತಿ ನಿಲ್ಲಿಸಿದಾಗ, ಒಂದು ಗಳಿಗೆ ಬೆರಗಾಗಿ ನಿಂತೆವು. ಸಾಲುಸಾಲಾಗಿ ರಿಲೇಗಳು. ಹಿತ್ತಾಳೆಯ ಮೊಳೆಗಳನ್ನು ಸುತ್ತ ಕೂರಿಸಿದ ಬಿಲ್ಲೆಗಳ ಮೇಲೆ ಒಂದೊಂದೇ ಹೆಜ್ಜೆ ಇಡುವ ಬೆರಳುಗಳು. ಬಟ್ಟೆ ಹೊದಿಸಿದ ಬಣ್ಣದ ತಂತಿಗಳ ಕಂತೆಗಳು. ಇದು ಆಟದ ಪೆಟ್ಟಿಗೆಯಲ್ಲ, ನಾವು ಹರೆಯದಲ್ಲಿ ಅನ್ನ ತಿಂದ ಟೆಲಿಫೋನ್ ಎಕ್ಸ್‌ಚೇಂಜು! ಡಯಲು ತಿರುಗಿಸಿದರೆ ಚಕಚಕನೆ ಹೆಜ್ಜೆ ಹತ್ತಿ ನಂಬರನ್ನು ಹುಡುಕುವ ಸ್ಟ್ರೌಜರ್ ಯಂತ್ರಗಳನ್ನು ನಮ್ಮ ಪೀಳಿಗೆಯ ತಂತ್ರಜ್ಞರು ಮರೆಯಲಾರರು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ, ದೂರವಾಣಿನಗರದಲ್ಲಿ, ಅವು ತಯಾರಾಗುತ್ತಿದ್ದವು; ಮುಂಬಯಿಯ ಎಕ್ಸ್‌ಚೇಂಜಿನಲ್ಲಿ ಅವುಗಳ ನಡುವೆ ನಿಂತಾಗ ಊರಿನವರ ಜೊತೆ ಇದ್ದಂತೆ ನಮಗೆ ಅನ್ನಿಸುತ್ತಿತ್ತು. ಅವುಗಳ ಮೂಲಪುರುಷ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ಅಂಗಡಿಯವನು. ಟೆಲಿಫೋನ್ ಹುಡುಗಿ ತನಗೆ ಬರುವ ಗಿರಾಕಿಗಳನ್ನು ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆಂಬ ಸಿಟ್ಟಿನಿಂದ ಹುಡುಗಿಯೇ ಬೇಡದ ಎಕ್ಸ್‌ಚೇಂಜನ್ನು ಕಂಡುಹಿಡಿದನೆಂದು ಕಥೆ. ಪೇಟೆಂಟು ದೊರೆತದ್ದು ೧೮೯೧ರಲ್ಲಿ. ಆ ಯಂತ್ರಗಳನ್ನು ಮಾಡಿದ ಆಟೋಮ್ಯಾಟಿಕ್ ಎಲೆಕ್ಟ್ರಿಕ್ ಕಂಪನಿ ಇದ್ದದ್ದೂ ಷಿಕಾಗೊದಲ್ಲಿಯೇ. ಒಂದೇ ಊರಿನ ನೀರು ಕುಡಿದ ದಾಯಾದಿಗಳು ಎನ್ನೋಣ.

ಮೊದಲ ಕೆಲಸ ಗೋಡೆಯಿಂದ ಪ್ಲಗ್ಗನ್ನು ಕೀಳುವುದು. ಸ್ವಿಚ್ಚು ಆರಿಸಿದರೆ ಸಾಲದು. ಹಳೆಯ ಯಂತ್ರದ ತಂತಿಗೆ ಎರಡೇ ಕಡ್ಡಿ, ಭೂಮಿಯ ತಂತಿ ಇಲ್ಲ. ಅಲ್ಲಿ ಮನೆಗೆ ಬರುವುದು ೧೨೦ ವೋಲ್ಟು. ನಮ್ಮ ೨೩೦ಕ್ಕಿಂತ ಕಡಮೆ ನಿಜ, ಆದರೆ ಪ್ರಾಣ ತೆಗೆಯಲು ಧಾರಾಳವಾಗಿ ಸಾಕು. ಒಳಗಿನ ಟ್ರಾನ್ಸ್‌ಫಾರ್ಮರು ಅದನ್ನು ದೀಪಗಳಿಗೆ ಸುಮಾರು ೬ ವೋಲ್ಟಿಗೂ ಕಾಯಿಲುಗಳಿಗೆ ಸುಮಾರು ೨೫ ವೋಲ್ಟಿಗೂ ಇಳಿಸುತ್ತದೆ. ಆಮೇಲೆ ಫ್ಯೂಸುಗಳನ್ನು ನೋಡಿದೆವು. ಎದೆ ಝಲ್ಲೆಂದಿತು. ೧೦ ಆಂಪಿಯರ್ ಎಂದು ಚೀಟಿ ಅಂಟಿಸಿದ್ದ ಜಾಗದಲ್ಲಿ ಯಾರೋ ಪುಣ್ಯಾತ್ಮರು ೩೦ ಆಂಪಿಯರಿನ ಫ್ಯೂಸು ತುರುಕಿದ್ದರು. ಮೇಲಿಂದ ಮೇಲೆ ಫ್ಯೂಸು ಸುಡುತ್ತಿದ್ದಿರಬೇಕು. ಸುಡದಂಥದನ್ನು ಹಾಕಿ ಕೈ ತೊಳೆದುಕೊಂಡಿದ್ದರು. ಫ್ಯೂಸು ಸುಡದಿದ್ದರೆ ಸುಡುವುದು ಇನ್ನಾವುದೋ. ಎಡಗಡೆಯ ರೆಕ್ಕೆಯ ಕಾಯಿಲಿಗೆ ಸುತ್ತಿದ್ದ ಕಾಗದ ಆಗಲೇ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆ ಒಣ ಮರದ್ದು, ಮೇಲೆ ಮನೆ, ರಜೆಗೆ ಬಂದರೆ ಆ ಮನೆಯಲ್ಲಿ ಮೊಮ್ಮಕ್ಕಳು ಮಲಗುತ್ತಿದ್ದರು. ಅಂದೇ ಅಂಗಡಿಗೆ ಹೋಗಿ ೧೦ ಆಂಪಿಯರಿನ ಫ್ಯೂಸು ತಂದು ಹಾಕಿದೆವು. ನಾಲ್ಕು ಹೆಚ್ಚಾಗಿಯೇ ತಂದೆವು.

ಆಕೆ ಹೇಳಿದ ರೋಗ ಬೇರೆ. ಆಟ ಶುರುಮಾಡುವ ಗುಂಡಿ ಒತ್ತಿದರೆ ಒಳಗೊಂದು ಮೋಟಾರು ತಿರುಗಲು ತೊಡಗುತ್ತದೆ. ಅದರ ಹಲ್ಲುಗಳು ಸ್ವಿಚ್ಚುಗಳನ್ನು ತಾಳಕ್ಕೆ ಸರಿಯಾಗಿ ಮುಚ್ಚಿ ತೆರೆದು, ಹಳೆಯ ಅಂಕಗಳನ್ನು ತೋರುವ ಚಕ್ರಗಳನ್ನು ಒಂದೊಂದೇ ಹೆಜ್ಜೆ ತಳ್ಳಿ ಸೊನ್ನೆಗೆ ತರಬೇಕು; ಎಲ್ಲವೂ ಸೊನ್ನೆಗೆ ಬಂದ ಕೂಡಲೆ ಮೋಟಾರು ನಿಂತು ಗುಂಡು ಮೇಲಕ್ಕೆ ಬರಬೇಕು. ಈ ಯಂತ್ರದಲ್ಲಿ ಎಂಟು ಚಕ್ರಗಳೂ ಸೊನ್ನೆಗೆ ಬರುತ್ತಿದ್ದವು, ಮೋಟಾರು ಮಾತ್ರ ನಿಲ್ಲುತ್ತಿರಲಿಲ್ಲ. ಗರಗರ ಗರಗರ ಎಂದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುವುದು. ಗುಂಡು ಬಾರದು, ಆಟವಿಲ್ಲ.

ಇಲ್ಲಿ ನಮ್ಮ ಅಪರಾಧವನ್ನು ಒಪ್ಪಿಕೊಳ್ಳಬೇಕು. ಹಲಗೆಯ ಕೆಳಗಿನ ಒಂದು ರಿಲೇ ಜೇನುಹುಳುವಿನಂತೆ ಝೇಂಕರಿಸುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ೫೦ ವೋಲ್ಟಿನ ಬ್ಯಾಟರಿ, ಡಿ.ಸಿ. ಪ್ರವಾಹ. ಅಲ್ಲಿ ರಿಲೇ ಎಂದರೆ ‘ಟಕ್’ ಎಂದು ಕೂತದ್ದು ಕದಲದು, ಸದ್ದು ಮಾಡದು. ಸದ್ದು ಮಾಡುವ ರಿಲೇ ರೋಗಿಷ್ಠ ರಿಲೇ ಎಂಬುದು ನಮ್ಮ ನರನಾಡಿಗಳಲ್ಲಿ ಸೇರಿಹೋಗಿತ್ತು. ಸರಿ, ಅದರ ತಗಡಿನ ಎಲೆಗಳ ಬಿಗಿಯನ್ನು ಇಕ್ಕಳದಿಂದ ಸ್ವಲ್ಪ ಸಡಿಲಿಸಿದೆವು. ಸದ್ದು ಕಡಮೆಯಾಯಿತು. ನಮಗೂ ಒಂದಿಷ್ಟು ಬೀಗು. ಆದರೆ ಮೋಟಾರು ಹಾಗೆಯೇ ತಿರುಗುತ್ತಿತ್ತು. ಸಾಲದ್ದಕ್ಕೆ ಅದುವರೆಗೆ ಉರಿಯುತ್ತಿದ್ದ ಒಂದು ಸಾಲು ದೀಪಗಳೂ ಆರಿದವು. ರಾತ್ರಿ ಮಲಗಿ ಯೋಚಿಸಿದಾಗ ಹೊಳೆಯಿತು. ಇಲ್ಲಿಯದು ಏ.ಸಿ. ಪ್ರವಾಹ, ಸೆಕೆಂಡಿಗೆ ೬೦ ಸಲ ಹೋಗಿ ಬರುವಂಥದು; ಅಯಸ್ಕಾಂತದ ಸೆಳೆತ ಸೆಕೆಂಡಿಗೆ ೧೨೦ ಸಲ ಏರಿ ಇಳಿಯುತ್ತದೆ. ಝೇಂಕಾರ ಅದರ ಹುಟ್ಟುಗುಣ. ನಾವು ಆರೋಗ್ಯವಾಗಿದ್ದ ರಿಲೇಯನ್ನು ಹಿಡಿದು ಅದರ ಒಂದು ಕಾಂಟ್ಯಾಕ್ಟು ಮುಟ್ಟದಂತೆ ಮಾಡಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಇತರರಿಗೆ ಹೇಳಿ ನಕ್ಕವರು ನಾವು. ಬೆಳಿಗ್ಗೆ ಎದ್ದು ಆ ಎಲೆಯನ್ನು ಮೊದಲಿದ್ದಂತೆ ಬಗ್ಗಿಸಿದೆವು. ದೀಪಗಳು ಉರಿದವು, ಝೇಂಕಾರವೂ ಬಂತು.

ಅಂದಿನಿಂದ ಇಕ್ಕಳವನ್ನು ಕೆಳಗಿಟ್ಟು ನಕ್ಷೆಯನ್ನು ಕೈಗೆತ್ತಿಕೊಂಡೆವು. ಪೆಟ್ಟಿಗೆಯೊಳಗೆ ಮಡಿಸಿ ಇಟ್ಟಿದ್ದ ತಂತಿಗಳ ನಕ್ಷೆ ಹಪ್ಪಳದಂತೆ ಮುರಿಯುವ ಸ್ಥಿತಿಯಲ್ಲಿತ್ತು. ಮೊದಲು ಅದರ ಒಂದು ಪ್ರತಿ ಮಾಡಿಸಿದೆವು. ಇಂಥ ನಕ್ಷೆಯನ್ನು ಓದುವಾಗ ಒಂದು ಸಂಗತಿ ನೆನಪಿರಬೇಕು. ಯಾವ ಕಾಯಿಲಿಗೂ ಪ್ರವಾಹವಿಲ್ಲದೆ, ಎಲ್ಲ ಚಕ್ರಗಳೂ ಸೊನ್ನೆಯಲ್ಲಿ ನಿಂತು, ಯಂತ್ರ ನಿದ್ದೆ ಮಾಡುತ್ತಿರುವಾಗ ಯಾವ ಸ್ವಿಚ್ಚು ಮುಚ್ಚಿರುತ್ತದೆ, ಯಾವುದು ತೆರೆದಿರುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಎದ್ದಾಗಿನ ಚಿತ್ರವನ್ನು ನಾವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಕಾಯಿಲು ಒಂದು ಮೂಲೆಯಲ್ಲಿ, ಅದು ಎಳೆಯುವ ಸ್ವಿಚ್ಚುಗಳು ಹತ್ತು ಮೂಲೆಗಳಲ್ಲಿ. ಸೀಸದಕಡ್ಡಿ ಹಿಡಿದು ನಮ್ಮ ಮೋಟಾರಿನಿಂದ ಹಿಂದಕ್ಕೆ ನಡೆದುಕೊಂಡು ಹೋದೆವು.

ನಡೆಯುವ ಮುಂಚೆ ರೋಗದ ಜಾತಿ ತಿಳಿದಿರಬೇಕು. ಇಂಥ ಯಂತ್ರದ ವಿದ್ಯುತ್ ರೋಗಗಳೆಲ್ಲ ಹೆಚ್ಚುಕಡಮೆ ಎರಡೇ ಜಾತಿ. ಆಗಬೇಕಾದದ್ದು ಆಗದಿರುವುದು ಒಂದು. ನಿಲ್ಲಬೇಕಾದದ್ದು ನಿಲ್ಲದಿರುವುದು ಇನ್ನೊಂದು. ಆಗದಿದ್ದರೆ ಎಲ್ಲಿಯೋ ದಾರಿ ಕಡಿದಿದೆ: ಒಂದು ಸ್ವಿಚ್ಚು ಮುಟ್ಟುತ್ತಿಲ್ಲ, ಬೆಸುಗೆ ಬಿಟ್ಟಿದೆ, ಫ್ಯೂಸು ಸುಟ್ಟಿದೆ. ಆಗ ಎರಡು ತುದಿಗೂ ಕಚ್ಚು ಹಾಕಿದ ಒಂದು ತುಂಡು ತಂತಿಯನ್ನು ಅನುಮಾನದ ಸ್ವಿಚ್ಚಿನ ಎರಡು ಎಲೆಗಳಿಗೆ ಕಚ್ಚಿಸಿ ಸೇತುವೆ ಕಟ್ಟಿ ನೋಡಬೇಕು. ಯಾವ ಸೇತುವೆ ಕಟ್ಟಿದಾಗ ಕೆಲಸ ನಡೆಯುತ್ತದೋ ಅಲ್ಲಿದೆ ಕಂದಕ. ಈ ಸೇತುವೆಯನ್ನು ಕಾಯಿಲಿನ ಎರಡು ತುದಿಗಳಿಗೆ ಮಾತ್ರ ಎಂದೂ ಕಟ್ಟಬಾರದು, ನೇರ ಷಾರ್ಟಾಗುತ್ತದೆ. ನಿಲ್ಲದಿದ್ದರೆ ಕಥೆ ತಿರುಗುಮುರುಗು. ಎಲ್ಲಿಯೋ ತೆರೆಯಬೇಕಾದ ಸ್ವಿಚ್ಚು ಅಂಟಿಕೊಂಡಿದೆ. ಅದಕ್ಕೆ ತಂತಿಯಲ್ಲ, ಕಾಗದದ ಚೂರು. ಎರಡು ಎಲೆಗಳ ನಡುವೆ ಕಾಗದ ತೂರಿಸಿ, ಆ ಸ್ವಿಚ್ಚನ್ನು ಬಲವಂತವಾಗಿ ತೆರೆದಿಡಬೇಕು. ಯಾವ ಕಾಗದಕ್ಕೆ ರೋಗ ನಿಂತಿತೋ ಅವನೇ ಕಳ್ಳ. ನಾವು ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಂಡಿದ್ದರೆ, ಝೇಂಕರಿಸುವ ರಿಲೇಯ ಗೊಡವೆಗೆ ಹೋಗುತ್ತಿರಲಿಲ್ಲ.

ನಮ್ಮದು ನಿಲ್ಲದ ಜಾತಿ. ನಕ್ಷೆಯಲ್ಲಿ ಹಿಂದಕ್ಕೆ ಹೋದರೆ, ಮೋಟಾರನ್ನು ಓಡಿಸುವ ರಿಲೇಯನ್ನು ಹಿಡಿದಿಟ್ಟಿದ್ದವು ಎಂಟು ಸ್ವಿಚ್ಚುಗಳು, ಒಂದೊಂದು ಚಕ್ರಕ್ಕೆ ಒಂದೊಂದು. ಚಕ್ರ ಒಂದರಿಂದ ಒಂಬತ್ತರವರೆಗೆ ಎಲ್ಲಿದ್ದರೂ ಅದರ ಸ್ವಿಚ್ಚು ಮುಚ್ಚಿರುತ್ತದೆ; ಸೊನ್ನೆಗೆ ಬಂದಾಗ ತೆರೆಯುತ್ತದೆ. ಎಂಟರಲ್ಲಿ ಒಂದು ಮುಚ್ಚಿದ್ದರೂ ರಿಲೇ ಬಿಡದು. ನಮ್ಮ ಮದುವೆಯ ಪಂಕ್ತಿಯಂತೆ ಎನ್ನಿ: ಕೊನೆಯ ಮಹಾಶಯರ ಮೊಸರನ್ನ ಮುಗಿಯುವವರೆಗೆ ಉಳಿದವರು ಕೈ ಒಣಗಿಸಿಕೊಂಡು ಕೂತಿರಬೇಕು. ಈ ಚಕ್ರಗಳಿರುವುದು ಹಿಂಬದಿಯ ಪೆಟ್ಟಿಗೆಯಲ್ಲಿ, ಚಿತ್ರದ ಗಾಜಿನ ಹಿಂದೆ. ಆ ಗಾಜನ್ನು ತೆಗೆಯುವಾಗ ಕೈ ನಡುಗಿತು. ಬಣ್ಣ ಇರುವುದು ಗಾಜಿನ ಹಿಂಮೈಯಲ್ಲಿ, ಹಳೆಯದಾದರೆ ಹೊಪ್ಪಳಿಕೆ ಎದ್ದಿರುತ್ತದೆ, ಒದ್ದೆ ಬಟ್ಟೆ ತಾಗಿಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಗೋಡೆಗೆ ಒರಗಿಸಿ, ಮುಟ್ಟದೆ ಬಿಟ್ಟೆವು. ಆಮೇಲೆ ಪ್ಲಗ್ಗು ಕಿತ್ತು ನಾಲ್ಕು ಸ್ವಿಚ್ಚುಗಳಿಗೆ ಒಟ್ಟಿಗೇ ಕಾಗದ ತೂರಿಸಿ, ಪ್ಲಗ್ಗು ಹಾಕಿ ನೋಡಿದೆವು. ನಿಲ್ಲಲಿಲ್ಲ. ಹಾಗಾದರೆ ಕಳ್ಳ ಉಳಿದ ನಾಲ್ಕರಲ್ಲಿ. ಅವುಗಳಲ್ಲಿ ಎರಡಕ್ಕೆ ಹಾಕಿದೆವು; ನಿಂತಿತು. ಆ ಎರಡರಲ್ಲಿ ಒಂದನ್ನು ತೆಗೆದೆವು, ಮತ್ತೆ ಗರಗರ. ಎಂಟು ಸಲ ಮಾಡಬೇಕಾದದ್ದು ಮೂರೇ ಸಲಕ್ಕೆ ಮುಗಿಯಿತು. ಎರಡನೆಯ ಆಟಗಾರನ ಹತ್ತರ ಸ್ಥಾನದ ಚಕ್ರ. ಮುಖದಲ್ಲಿ ಸೊನ್ನೆ ತೋರಿಸುತ್ತ ಸಾಧುವಿನಂತೆ ನಿಂತಿತ್ತು.

ಕನ್ನಡಕ ಏರಿಸಿ ದೀಪ ಹಿಡಿದರೆ, ಅದರ ಎರಡು ಎಲೆಗಳ ನಡುವೆ ಒಂದು ಕೂದಲಿನಷ್ಟೂ ಬೆಳಕಿಲ್ಲ. ಎಲೆಯನ್ನು ಬಗ್ಗಿಸಿಬಿಡಲು ಬೆರಳು ತುರಿಸಿತು. ತಡೆದುಕೊಂಡೆವು, ಒಂದು ಸಲ ಬುದ್ಧಿ ಬಂದಿತ್ತಲ್ಲ. ಈ ಎಲೆಗಳನ್ನು ನಡುನಡುವೆ ನಿರೋಧಕ ತುಂಡುಗಳನ್ನಿಟ್ಟು ಪೇರಿಸಿ ಎರಡು ತಿರುಪುಗಳಿಂದ ಬಿಗಿದಿರುತ್ತಾರೆ. ಅರ್ಧ ಶತಮಾನದಲ್ಲಿ ಆ ತುಂಡುಗಳು ಒಣಗಿ ಕುಗ್ಗಿ, ತಿರುಪು ಸಡಿಲಾಗಿ, ಎಲೆಗಳು ವಾಲಿದ್ದವು. ಮೊದಲು ತಿರುಪು ಬಿಗಿ, ಆಮೇಲೆ ಎಲೆ ಬಗ್ಗಿಸು ಎಂಬುದು ಎಕ್ಸ್‌ಚೇಂಜಿನ ಮೊದಲ ಪಾಠ. ತಿರುಪನ್ನು ಅರ್ಧ ಸುತ್ತು ಬಿಗಿದೆವು, ಅಷ್ಟೆ. ಎಲೆಗಳು ತಾವಾಗಿ ದೂರವಾದವು. ಗುಂಡಿ ಒತ್ತಿದೆವು: ಚಕಚಕ, ಚಕಚಕ, ‘ಟಕ್’. ಮೋಟಾರು ನಿಂತಿತು. ಗುಂಡು ಮೇಲಕ್ಕೆ ಬಂತು. ವೃದ್ಧೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಏನೂ ಮಾತಾಡದೆ ಮೇಲೆ ಹೋಗಿ ನಮಗೆ ಚಹ ಮಾಡಿ ತಂದರು. ಹಾಲಿಲ್ಲದ ಚಹ, ಆದರೂ ಕುಡಿದೆವು.

ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೆ? ೩೦ ಆಂಪಿಯರಿನ ಫ್ಯೂಸಿನ ಗುಟ್ಟು ಈಗ ಹೊರಬಿತ್ತು. ಆಕೆ ಆಡುತ್ತ ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದರು, ನಾವು ಹಾಕಿದ ಫ್ಯೂಸು ಸುಟ್ಟಿತು. ರೆಕ್ಕೆಯ ಕಾಯಿಲಿನ ಹಂಚಿಕೆ ಬಹಳ ಜಾಣತನದ್ದು. ಒಳಗೆ ಎರಡು ಸುತ್ತುಗಳಿವೆ. ದಪ್ಪ ತಂತಿಯ ಸುತ್ತಿಗೆ ಎರಡು ಮೂರು ಓಮಿನಷ್ಟೇ ತಡೆ. ಪ್ರವಾಹ ನುಗ್ಗಿ ರೆಕ್ಕೆಯನ್ನು ಫಟಾರನೆ ಎತ್ತುತ್ತದೆ. ಎತ್ತಿದ ಮೇಲೆ ಹಿಡಿದಿಡಲು ಅಷ್ಟು ಶಕ್ತಿ ಬೇಡ. ಆದ್ದರಿಂದ ರೆಕ್ಕೆ ತುದಿ ಮುಟ್ಟಿದ ಕೂಡಲೆ ಒಂದು ಸ್ವಿಚ್ಚು ತೆರೆದು, ಸಣ್ಣ ತಂತಿಯ ಎರಡನೆಯ ಸುತ್ತನ್ನೂ ದಾರಿಗೆ ಸೇರಿಸಿ ಪ್ರವಾಹವನ್ನು ತಗ್ಗಿಸುತ್ತದೆ. ಎಡಗಡೆ ಆ ಸ್ವಿಚ್ಚು ತೆರೆಯುತ್ತಲೇ ಇರಲಿಲ್ಲ. ಹಿಡಿದಷ್ಟು ಹೊತ್ತೂ ಪೂರ್ತಿ ಪ್ರವಾಹ. ಕಾಗದ ಕಂದಿದ್ದೂ ಫ್ಯೂಸು ಸುಟ್ಟದ್ದೂ ಇದರಿಂದಲೇ. ಎಲೆಯನ್ನು ಬುಡದ ಹತ್ತಿರ ಬಗ್ಗಿಸಿ, ರೆಕ್ಕೆ ಪೂರ್ತಿ ಎದ್ದಾಗ ಚೆನ್ನಾಗಿ ತೆರೆಯುವಂತೆ ಮಾಡಿದೆವು. ಬಲಗಡೆಯ ರೆಕ್ಕೆ ಮಾತ್ರ ಸೋತುಹೋಗಿತ್ತು, ಗುಂಡನ್ನು ಅರ್ಧಕ್ಕೂ ಕಳಿಸದು. ಅಲ್ಲಿ ಅದೇ ಸ್ವಿಚ್ಚಿಗೆ ಕಿಲುಬು. ಮುಟ್ಟಿದಂತೆ ಕಂಡರೂ ಮುಟ್ಟುತ್ತಿರಲಿಲ್ಲ, ಮೊದಲಿನಿಂದಲೇ ಎರಡೂ ಸುತ್ತು ಸೇರಿ ಪ್ರವಾಹ ಬಡವಾಗಿತ್ತು. ಅದನ್ನು ಅರದಿಂದ ಉಜ್ಜಿದ ಮೇಲೆ ಗುಂಡು ತುದಿಯವರೆಗೆ ಹಾರಿತು.

ಅರವೆಂದ ಕೂಡಲೆ ವಾಚಕರು ಮನೆಯ ಎಲ್ಲ ಕಾಂಟ್ಯಾಕ್ಟುಗಳಿಗೂ ಅರ ಹಿಡಿದಾರು ಎಂದು ಭಯ. ರೆಕ್ಕೆಯ ಸ್ವಿಚ್ಚಿನ ತುದಿ ಟಂಗ್‌ಸ್ಟನ್ನಿನದು, ಗಟ್ಟಿ, ಅದಕ್ಕೆ ಅರವೇ ಬೇಕು. ಉಳಿದವು ಬೆಳ್ಳಿಯ ತುದಿಗಳು, ಮೆತ್ತಗಿನವು. ಅವುಗಳ ನಡುವೆ ಒಂದು ದಪ್ಪ ಕಾಗದದ ಪಟ್ಟಿ, ಹಳೆಯ ಲಗ್ನಪತ್ರಿಕೆಯ ತುಂಡಾದರೂ ಸರಿ, ಇಟ್ಟು ಹಗುರವಾಗಿ ಒತ್ತಿ ನಾಲ್ಕು ಸಲ ಎಳೆದರೆ ಸಾಕು. ಮರಳುಕಾಗದ ಹಿಡಿದರೆ ಬೆಳ್ಳಿಯೂ ಹೋಯಿತು, ಸ್ವಿಚ್ಚೂ ಹೋಯಿತು. ಎಣ್ಣೆಯನ್ನಂತೂ ಹತ್ತಿರ ತರಬೇಡಿ. ನಮ್ಮಲ್ಲಿ ಕೀರಲು ಸದ್ದು ಕೇಳಿದರೆ ತೆಂಗಿನೆಣ್ಣೆಯ ಬಾಟಲಿಗೆ ಕೈ ಹೋಗುತ್ತದೆ. ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ಕಿಡಿ ಹಾರುವ ಜಾಗದಲ್ಲಿ ಹೊತ್ತಿಕೊಳ್ಳಲೂಬಹುದು. ಈ ಪೆಟ್ಟಿಗೆಯ ಹೆಜ್ಜೆ ಚಕ್ರಗಳಿಗೂ ಹಿಂದೆ ಯಾರೋ ಎಣ್ಣೆ ಹೊಯ್ದು, ಅದು ಹಲಸಿನ ಮೇಣದಂತಾಗಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸುವಷ್ಟರಲ್ಲಿ ಎರಡು ದಿನ ಹಿಡಿಯಿತು. ಪುಣೆ, ಹೈದರಾಬಾದಿನ ಮನೆಗಳಲ್ಲಿ ಪಿನ್‌ಬಾಲ್ ಇಲ್ಲದಿರಬಹುದು. ಆದರೆ ಸ್ಟೆಬಿಲೈಸರಿನೊಳಗೂ ನೀರಿನ ಪಂಪಿನ ಸ್ಟಾರ್ಟರಿನೊಳಗೂ ರಿಲೇಯ ನೆಂಟರಿಷ್ಟರೇ ಇದ್ದಾರೆ, ಮತ್ತು ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವ ಪುಣ್ಯಾತ್ಮರು ನಮ್ಮಲ್ಲಿ ಕಡಮೆಯಿಲ್ಲ. ಪಂಪಿನ ಸ್ಟಾರ್ಟರಿಗೆ ನೀವಾಗಿ ಕೈ ಹಾಕಬೇಡಿ. ಅಲ್ಲಿ ೨೫ ವೋಲ್ಟಲ್ಲ.

ತಿಂಗಳ ಕೊನೆಗೆ ತಮ್ಮನ ಮಗ ಬಂದು ಯಂತ್ರವನ್ನು ಲಾರಿಗೆ ಹಾಕಿಕೊಂಡು ಹೋದ. ನಾವು ಮುಂಬಯಿಗೆ ಮರಳಿದ ಎರಡನೆಯ ವಾರ ಮಗಳಿಂದ ಫೋನು: ಆ ಹುಡುಗ ಯಂತ್ರವನ್ನು ಜೋಡಿಸಿದ್ದಾನೆ, ಕೆಳಗಿನ ದೀಪ ಉರಿಯುತ್ತವೆ, ಹಿಂಬದಿಯ ಪೆಟ್ಟಿಗೆ ಮಾತ್ರ ಕತ್ತಲೆ, ಅಂಕೆಯ ಚಕ್ರ ಒಂದೂ ಕದಲದು, ಎಲ್ಲ ಚಕ್ರಗಳನ್ನೂ ಬಿಚ್ಚಲೇ ಎಂದು ಕೇಳುತ್ತಾನೆ. ಬಿಚ್ಚಬೇಡವೆನ್ನು ಎಂದೆವು. ಸಾಗಿಸುವಾಗ ಹಿಂಬದಿಯ ಪೆಟ್ಟಿಗೆಯನ್ನು ಕಳಚಿರುತ್ತಾರೆ. ಎರಡು ಪೆಟ್ಟಿಗೆಗಳನ್ನು ಸೇರಿಸುವುದು ಹತ್ತಾರು ಕಡ್ಡಿಗಳ ದೊಡ್ಡ ಪ್ಲಗ್ಗುಗಳು, ಜೋನ್ಸ್ ಪ್ಲಗ್ಗುಗಳೆಂದು ಅವಕ್ಕೆ ಹೆಸರು. ಗೋಡೆಯ ಪ್ಲಗ್ಗು ಕಿತ್ತು, ಅವನ್ನು ಹೊರಕ್ಕೆಳೆದು, ಕಡ್ಡಿಗಳ ಕಿಲುಬನ್ನು ಉಜ್ಜಿ, ಐದಾರು ಸಲ ಹಾಕಿ ತೆಗೆದು ಗಟ್ಟಿಯಾಗಿ ಕೂರಿಸಲಿ ಎಂದು ಹೇಳಿಸಿದೆವು. ಕಾಲು ಗಂಟೆಗೆ ಮತ್ತೆ ಫೋನು ಬಂತು. ಹುಡುಗನ ಮಾತು ಕೇಳಿಸಲಿಲ್ಲ. ಹಿಂದಿನಿಂದ ಚಕಚಕ, ಚಕಚಕ, ಆಮೇಲೆ ‘ಟಕ್’ ಎಂದದ್ದು ಕೇಳಿಸಿತು.